ಹಬ್ಬಗಳನ್ನು ಬೇಡಿ ಪಡೆದ ನೇಕಾರ

“ಅಜ್ಜಾರ, ಮಗಳು ನನ್ನ ಕಡೆ ಬಂದಾಗ ಒಂದ ಸಲಾನೂ ಅತ್ತಿಲ್ಲ. ಅವರವ್ವನ ಕಡೆ ದಿನಾ ಅಳ್ತಾಳಂತ. ಹಂಗಾದ್ರ ಕೂಸು ಯಾರ ಹತ್ರ ಇರಬೇಕು, ನೀವ ಹೇಳ್ರಿ.”

ಬಸಲಿಂಗ ಸ್ವಾಮಿಗಳಾದ ಅಜ್ಜನವರನ್ನು ಹೀಗೆ ಕೇಳಿದ್ದು ಗುರುವಾರ ಬೆಳಗಿನ ಪೂಜೆ ಮುಗಿದು ಮಠದ ಪಡಸಾಲೆ ಖಾಲಿಯಾದ ಮೇಲೆ. ಹುಡುಗನಾಗಿದ್ದಾಗಿನಿಂದಲೂ ಅವನು ಅಜ್ಜನವರ ಶಿಷ್ಯ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಅಜ್ಜನವರ ಮೂಗಿನ ಮೇಲಿದ್ದ ಕನ್ನಡಕವೂ ಅವನೇ ಮಾಡಿಸಿಕೊಟ್ಟದ್ದು. ಅದೇ ಕನ್ನಡಕ ಹಾಕಿಕೊಂಡು ಅವರು ಅವನು ತಂದ ಅರ್ಜಿಯನ್ನು ಓದುತ್ತಿದ್ದರು.

ಬಸಲಿಂಗನಿಗೂ ಅವನ ಹೆಂಡತಿಗೂ ವಿಚ್ಛೇದನವಾಗಿ ವರ್ಷ ಕಳೆದಿತ್ತು. ಏಳು ವರ್ಷದ ಮಗಳು ಚಿನ್ಮಯಿ ತಾಯಿಯ ಬಳಿ ಇರಬೇಕು, ತಿಂಗಳಿಗೆ ಎರಡು ಭಾನುವಾರ ತಂದೆಯ ಬಳಿಗೆ ಬರಬೇಕು, ಮಗಳ ಊಟ, ಬಟ್ಟೆ, ಶಾಲೆಗೆಂದು ತಂದೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕು ಎಂದು ಕುಟುಂಬ ನ್ಯಾಯಾಲಯ ಹೇಳಿತ್ತು. ತನ್ನ ಭಾನುವಾರ ಬಂತೆಂದರೆ ಬಸಲಿಂಗ ಅಂಗಡಿಗೆ ಬೀಗ ಹಾಕಿ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೊರಡುತ್ತಿದ್ದ. ಹೋಟೆಲು, ಐಸ್‌ಕ್ರೀಮು, ಆಟದ ಸಾಮಾನು, ಅವಳು ಬೆರಳು ತೋರಿಸಿದ್ದೆಲ್ಲ ಅವಳ ಕೈಗೆ ಬರುತ್ತಿತ್ತು. ಕಳೆದ ತಿಂಗಳು ಮಗಳಿಗೆ ಜ್ವರವೆಂದು ತಾಯಿ ಒಂದು ಭಾನುವಾರ ಕಳಿಸಲಿಲ್ಲ. ಆ ಸಿಟ್ಟಿಗೆ ಇವನು ಜೀವನಾಂಶ ನಿಲ್ಲಿಸಿದ. ಈಗ ಮಗಳನ್ನೇ ತನಗೆ ಕೊಡಿಸಬೇಕೆಂದು ವಕೀಲರಿಂದ ಹೊಸ ಅರ್ಜಿ ಬರೆಸಿಕೊಂಡಿದ್ದ. ತಾಯಿಯ ಮನೆಯಲ್ಲಿ ಮಗು ಅಳುವುದು ಅಕ್ಕಪಕ್ಕದವರಿಗೆಲ್ಲ ಕೇಳಿಸುತ್ತದೆ ಎಂಬುದೇ ಆ ಅರ್ಜಿಯ ಜೀವಾಳ. ನಾಳೆ ಅದು ನ್ಯಾಯಾಲಯಕ್ಕೆ ಹೋಗಬೇಕು. ಇಂದು ಗದ್ದುಗೆಯ ಮುಂದಿಟ್ಟು ಕೈಮುಗಿಯೋಣವೆಂದು ಬಂದಿದ್ದ.

ಅಜ್ಜನವರು ಓದಿ ಮುಗಿಸುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಹೋದ ಭಾನುವಾರದ ಸಂಗತಿಯನ್ನು ಹೆಮ್ಮೆಯಿಂದ ಹೇಳಿದ. ಬೈಕಿನಿಂದ ಇಳಿಯುವಾಗ ಸೈಲೆನ್ಸರ್ ತಾಗಿ ಮಗಳ ಕಾಲು ಸುಟ್ಟಿತ್ತು, ನೀರುಗುಳ್ಳೆ ಎದ್ದಿತ್ತು, ಆದರೂ ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ಜೊತೆಗಿದ್ದರೆ ಅವಳಿಗೆ ಅಷ್ಟು ಧೈರ್ಯ ಎಂದ.

ಬಸಲಿಂಗ ಕೆಟ್ಟವನಲ್ಲ. ಮಗಳಿಲ್ಲದ ಮನೆಯಲ್ಲಿ ಅವನಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಅದು ಅಜ್ಜನವರಿಗೂ ಗೊತ್ತಿತ್ತು, ಅವನನ್ನು ನೋಡಿ ಅವರಿಗೆ ಮರುಕವೂ ಆಯಿತು. ಅರ್ಜಿಯನ್ನು ಮಡಚಿ ತಾವು ಕೂತ ಹಾಸಿನ ಅಂಚಿಗೆ ಸೇರಿಸಿದರು. ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹೆಂಡತಿಯೂ ಮಾತಿನಲ್ಲಿ ಹಿಂದೆ ಬೀಳುವವಳಲ್ಲ. ಅವಳು ನೂಲು ಸುತ್ತಿಕೊಟ್ಟರೆ ಇವನು ನೇಯಬೇಕು. ಮೂರು ವರ್ಷ ಜಗಳವಾಡಿದರು, ಆಮೇಲೆ ಮಾತು ಬಿಟ್ಟರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಣ್ಣುವುದನ್ನೇ ಬೇರೆ ಬೇರೆ ಮಾಡಿಕೊಂಡಿದ್ದರು, ಗಾದೆಯಾದರೂ ಏನು ಮಾಡೀತು? ತಪ್ಪು ಯಾರದೆಂದು ಕೇಳಿದರೆ ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಕೊನೆಗೆ ಇಬ್ಬರೂ ಕೇರಿಯ ಹಿರಿಯರ ಮುಂದೆ ಕೂತು ಬೇರೆಯಾಗುತ್ತೇವೆ ಎಂದರು. ಹಿರಿಯರು ಬುದ್ಧಿ ಹೇಳಿ ಸೋತರು. ಹೆಂಡತಿ ಅದೇ ಊರಿನ ಮೇಲಿನ ಕೇರಿಯಲ್ಲಿದ್ದ ಅಣ್ಣನ ಮನೆಗೆ ಹೋಗುವುದೆಂದಾಯಿತು. ಪಾತ್ರೆ ಹಂಚಿದರು, ಹಾಸಿಗೆ ಹಂಚಿದರು. ಉಳಿದವಳು ಆರು ವರ್ಷದ ಮಗಳು. ಮಗು ಸಣ್ಣದು, ತಾಯಿಯ ಬಳಿ ಇರಲಿ, ಅದು ಉಣ್ಣುವ ಜೋಳವನ್ನು ತಂದೆ ತಿಂಗಳಿಗೊಮ್ಮೆ ಕಳಿಸಲಿ ಎಂದು ಹಿರಿಯರು ಹೇಳಿದರು. ತಂದೆಯ ಮನೆಗೆ ಮಗು ಯಾವ ಯಾವ ದಿನ ಬರಬೇಕೆಂಬುದನ್ನು ಮಾತ್ರ ಅವನಿಗೇ ಬಿಟ್ಟರು.

ನೇಕಾರ ಮೊದಲೇ ಯೋಚಿಸಿ ಬಂದಿದ್ದ.

“ಹಬ್ಬ ಎಲ್ಲಾ ನನಗ ಕೊಡ್ರಿ. ಉಳದ ದಿನ ಆಕಿಗೇ ಇರ್ಲಿ.”

ಇನ್ನೊಮ್ಮೆ ಯೋಚಿಸು ಎಂದರು ಹಿರಿಯರು. ಅವನು ಕೇಳಲಿಲ್ಲ. ಮಕ್ಕಳಿಗೆ ನೆನಪಿರುವುದು ಹೋಳಿಗೆ, ಹೊಸ ಬಟ್ಟೆ, ಜೋಕಾಲಿ. ಕಷಾಯ ಕುಡಿಸಿದ್ದು, ಕಿವಿ ಹಿಂಡಿ ಸ್ನಾನ ಮಾಡಿಸಿದ್ದು ಯಾರಿಗೆ ಬೇಕು? ಸಿಹಿಯೆಲ್ಲ ತನ್ನ ಮನೆಯಲ್ಲಿ, ಕಹಿಯೆಲ್ಲ ಅವಳ ಮನೆಯಲ್ಲಿ ಆದರೆ ನಾಳೆ ಮಗಳು ತನ್ನ ಕಡೆಗೇ ವಾಲುತ್ತಾಳೆ ಎಂಬುದು ಅವನ ಎಣಿಕೆ. ಹೆಂಡತಿ ಒಮ್ಮೆ ಅವನ ಮುಖ ನೋಡಿದಳು, ಆಗಲಿ ಎಂದು ತಲೆ ಆಡಿಸಿದಳು. ನೇಕಾರ ಗೆದ್ದ ಎಂದೇ ಕೇರಿಯವರು ಮಾತಾಡಿಕೊಂಡರು.

ಹೇಳಿದ ಹಾಗೆ ಮಗಳು ಯುಗಾದಿಗೆ ಬಂದಳು, ನಾಗರ ಪಂಚಮಿಗೆ ಬಂದಳು, ಗಣಪತಿ ಕೂರಿಸುವಾಗ ಬಂದಳು. ಅವಳು ಬರುವ ದಿನ ಮಗ್ಗ ನಿಂತಿರುತ್ತಿತ್ತು, ಮನೆ ಸಾರಿಸಿರುತ್ತಿತ್ತು. ಒಳ್ಳೆಯ ನೂಲೆಂದು ಎತ್ತಿಟ್ಟಿದ್ದರಲ್ಲಿ ಅವನು ಮಗಳಿಗೆ ಪಾದ ಮುಟ್ಟುವ ಪರಕಾರ ನೇಯ್ದು ಹೊಲಿಸಿದ್ದ. ಬಡಿಸಿದ್ದನ್ನೆಲ್ಲ ಅವಳು ಉಂಡಳು. ಒಂದು ದಿನವೂ ಹಟ ಮಾಡಲಿಲ್ಲ, ಒಂದು ದಿನವೂ ಅಳಲಿಲ್ಲ. ನೇಕಾರ ಎದುರಿಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಆ ವರ್ಷ ದಸರಾಕ್ಕೆ ಮಗಳಿಗೆ ಮೈಮೇಲೆ ಗುಳ್ಳೆ ಎದ್ದು ತಾಯಿ ಕಳಿಸಲಿಲ್ಲ. ತನ್ನ ಹಬ್ಬ ಹೋಯಿತಲ್ಲ ಎಂದು ನೇಕಾರ ಜೋಳ ನಿಲ್ಲಿಸಿದ. ಜೋಳ ನಿಂತಿತಲ್ಲ ಎಂದು ಅವಳು ದೀಪಾವಳಿಗೂ ಮಗಳನ್ನು ಕಳಿಸಲಿಲ್ಲ. ಹಿರಿಯರಲ್ಲಿ ಒಬ್ಬ ಮುದುಕ ಇಬ್ಬರನ್ನೂ ಕರೆಸಿ ಚೆನ್ನಾಗಿ ಬೈದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತು ನಿಮ್ಮನ್ನು ನೋಡಿಯೇ ಹುಟ್ಟಿರಬೇಕು ಎಂದ. ನೀನು ನಿಲ್ಲಿಸಿದ್ದು ಹೆಂಡತಿಯ ಜೋಳವಲ್ಲ, ಮಗುವಿನದು. ಮತ್ತೆ ನೀನು ತಾಯಿ, ತಡೆದಿಟ್ಟದ್ದು ಗಂಡನನ್ನಲ್ಲ, ಮಗುವಿನ ಅಪ್ಪನನ್ನು. ಜೋಳವೂ ಮಗುವಿನದೇ, ಹಬ್ಬವೂ ಮಗುವಿನದೇ, ಒಂದಕ್ಕೆ ಇನ್ನೊಂದನ್ನು ಒತ್ತೆ ಇಡಲು ನೀವು ಯಾರು ಎಂದು ಕೇಳಿದ. ಆ ತಿಂಗಳಿನಿಂದ ಜೋಳ ಮತ್ತೆ ಮೇಲಿನ ಕೇರಿಗೆ ಹೋಯಿತು, ಹಬ್ಬಕ್ಕೆ ಮಗಳು ಬಂದಳು.

ಇಲ್ಲಿ ಬಸಲಿಂಗ ಕೂತಲ್ಲೇ ಸ್ವಲ್ಪ ಸರಿದು ಕೂತ. ಅಜ್ಜನವರು ಅದನ್ನು ಕಂಡೂ ಕಾಣದವರ ಹಾಗೆ ಕತೆ ಮುಂದುವರಿಸಿದರು.

ಮೂರನೆಯ ವರ್ಷದ ಪಂಚಮಿ. ನೇಕಾರ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದ, ಉಂಡಿ ಮಾಡಿಸಿದ್ದ. ಮಗಳು ಜೀಕುವಾಗ ಕೈ ಜಾರಿ ಕಲ್ಲಿನ ಮೇಲೆ ಬಿದ್ದಳು. ಮೊಣಕಾಲು ಕಿತ್ತು ರಕ್ತ ಸುರಿಯಿತು. ಅವನು ಓಡಿ ಬರುವಷ್ಟರಲ್ಲಿ ಅವಳೇ ಎದ್ದು ನಿಂತಿದ್ದಳು, ಪರಕಾರಕ್ಕೆ ರಕ್ತ ತಾಗದ ಹಾಗೆ ಎತ್ತಿ ಹಿಡಿದುಕೊಂಡಿದ್ದಳು. ಕಾಲು ತೊಳೆದುಕೊಳ್ಳಲು ಒಂದು ಚರಿಗೆ ನೀರು ತೆಗೆದುಕೊಳ್ಳಲೇ ಎಂದು ಅಪ್ಪನನ್ನು ಕೇಳಿದಳು. ಅವನ ಮನೆಯ ನೀರಿಗೆ ಅವನ ಮಗಳು ಅಪ್ಪಣೆ ಕೇಳುತ್ತಿದ್ದಳು. ಅವಳ ತುಟಿ ನಡುಗುತ್ತಿತ್ತು, ಕಣ್ಣಿನಲ್ಲಿ ಮಾತ್ರ ಒಂದು ಹನಿಯಿಲ್ಲ.

“ಅಳು ಬರವಲ್ದೇನವಾ?” ಎಂದ.

“ಬರಾಕತ್ತೈತಿ,” ಎಂದಳು ಮಗಳು. “ಮನಿಗೆ ಹೋಗಿ ಅಳ್ತೀನಿ.”

ನೇಕಾರ ಅಲ್ಲೇ ಜೋಕಾಲಿಯ ಮಣೆಯ ಮೇಲೆ ಕೂತ. ಅವನ ಅಕ್ಕಂದಿರು ನೆನಪಾದರು. ಮದುವೆಯಾದ ಮೇಲೆ ಪಂಚಮಿ ಪಂಚಮಿಗೆ ತವರಿಗೆ ಬರುತ್ತಿದ್ದರು. ಅತ್ತೆಯ ಮನೆಯ ಕಷ್ಟ ಎಷ್ಟಿದ್ದರೂ ಬಾಯಿ ಬಿಡುತ್ತಿರಲಿಲ್ಲ. ನಾಲ್ಕು ದಿನದ ಹಬ್ಬ ಕೆಡಿಸಬಾರದು ಎಂದು ನಗುತ್ತಾ ಬಂದು ನಗುತ್ತಾ ಹೋಗುತ್ತಿದ್ದರು. ತನ್ನ ಮಗಳು ಅದನ್ನು ಆರನೆಯ ವಯಸ್ಸಿಗೇ ಕಲಿತಿದ್ದಳು. ಲೋಕದ ತಂದೆಯರು ಹೆಣ್ಣು ದೊಡ್ಡದಾದ ಮೇಲೆ ಕೊಟ್ಟು ಕಳಿಸಿ ಅಳುತ್ತಾರೆ. ಇವನು ಹಾಲುಹಲ್ಲು ಬೀಳುವ ಮೊದಲೇ, ಹಿರಿಯರ ಮುಂದೆ ಕೂತು, ತಾನೇ ಕೇಳಿ, ಕೊಟ್ಟು ಕಳಿಸಿದ್ದ. ಮೇಲಿನ ಕೇರಿ ಅವಳ ಮನೆಯಾಗಿತ್ತು, ಇವನದು ಅವಳು ಹಬ್ಬಕ್ಕೆ ಬರುವ ಮನೆಯಾಗಿತ್ತು.

ಮರುದಿನ ಬೆಳಗ್ಗೆ ಅವನು ಹಿರಿಯರ ಮುಂದೆ ನಿಂತ. ಹೆಂಡತಿಯನ್ನೂ ಕರೆಸಿದರು. ಈ ಸಲ ಅವನ ನಾಲಿಗೆಯಲ್ಲಿ ಚುರುಕಿರಲಿಲ್ಲ.

“ಹಬ್ಬ ಎಲ್ಲಾ ಆಕಿಗೇ ಕೊಡ್ರಿ,” ಎಂದ. “ನನಗ ಮಗ್ಗ ನಡಿಯೂ ದಿನ ಬೇಕು. ಒಂದ ಇದ್ದರೂ ಸಾಕು.”

ಹಿರಿಯರು ಹೆಂಡತಿಯ ಕಡೆ ನೋಡಿದರು. ಅವಳು ಸುಲಭವಾಗಿ ಒಪ್ಪುವವಳಲ್ಲ, ಅವಳಿಗೂ ಮೂರು ವರ್ಷದ ಸಿಟ್ಟಿತ್ತು. ಆದರೆ ಮಗಳು ಹಿಂದಿನ ಸಂಜೆ ಹೊಸ್ತಿಲು ದಾಟಿದ ಕೂಡಲೇ ತನ್ನ ಮಡಿಲಿಗೆ ಬಿದ್ದು ಎಷ್ಟು ಹೊತ್ತು ಅತ್ತಳೆಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಅಷ್ಟು ಅಳುವನ್ನು ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೊತ್ತುಕೊಂಡು ಬರುವುದು ಆ ಮಗುವಿನ ಕಾಲಿಗೆ ಭಾರವೆಂದು ಅವಳಿಗೆ ಅನ್ನಿಸಿತ್ತು.

“ಬುಧವಾರ ಕಳಸ್ತೀನಿ,” ಎಂದಳು. “ತಲಿ ತುಂಬ ಹೇನದಾವ. ಸೀರಣಿಗಿನೂ ಕಟ್ಟಿ ಕಳಸ್ತೀನಿ, ಹೆಕ್ಕು.”

ಬೇರೆಯಾದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಹಬ್ಬಗಳನ್ನೂ ಅವಳು ಪೂರ್ತಿ ಇಟ್ಟುಕೊಳ್ಳಲಿಲ್ಲ, ಅರ್ಧ ಅವನಿಗೇ ಬಿಟ್ಟಳು.

ಬುಧವಾರ ಮಗಳು ಬಂದಳು. ಹೋಳಿಗೆ ಇರಲಿಲ್ಲ. ನಿನ್ನೆಯ ರೊಟ್ಟಿ, ಪುಂಡಿಪಲ್ಯ. ಅವಳು ಪುಂಡಿಪಲ್ಯವನ್ನು ತಾಟಿನ ಅಂಚಿಗೆ ಸರಿಸಿದಳು. ಅದು ಅವಳಿಗೆ ಸೇರುವುದಿಲ್ಲವೆಂದು ನೇಕಾರನಿಗೆ ತಿಳಿದದ್ದೇ ಅಂದು. ಉಂಡ ಮೇಲೆ ಅವನು ಸಣ್ಣ ಹಲ್ಲಿನ ಆ ಸೀರಣಿಗೆ ಹಿಡಿದು ಹೇನು ತೆಗೆಯಲು ಕೂತ. ಸಾವಿರ ಎಳೆಗಳಲ್ಲಿ ಹರಿದ ಒಂದು ಎಳೆಯನ್ನು ಹುಡುಕಿ ಗಂಟು ಹಾಕುವ ಕೈ ಅದು, ಆದರೂ ಮಗಳ ಸಿಕ್ಕುಗೂದಲಿನಲ್ಲಿ ಸೋತಿತು. ಸೀರಣಿಗೆ ಸಿಕ್ಕಿಗೆ ಸಿಕ್ಕಿ ಜಗ್ಗಿತು. ಮಗಳು ತಲೆ ಕೊಸರಿಕೊಂಡಳು. ಅವನು ಸುಮ್ಮನಿರು ಎಂದು ಗದರಿದ. ಹಬ್ಬದ ದಿನಗಳಲ್ಲಿ ಅವನು ಒಮ್ಮೆಯೂ ಗದರಿದ್ದಿಲ್ಲ. ಅವಳು ಬಾಯಿ ತೆರೆದಳು ನೋಡಿ, ಅಕ್ಕಪಕ್ಕದ ಮಗ್ಗಗಳ ಸದ್ದೇ ಅಡಗುವ ಹಾಗೆ ಅತ್ತಳು. ನೆಲಕ್ಕೆ ಕಾಲು ಬಡಿದು, ಅವನಿಗೆ ಬೈದು, ಕೊನೆಗೆ ಅವನ ತೊಡೆಯ ಮೇಲೇ ಮುಖ ಇಟ್ಟು ಅತ್ತಳು.

ನೆರೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ನೇಕಾರನ ಕೈಯಲ್ಲಿ ಸೀರಣಿಗೆ, ಕಣ್ಣಿನ ತುಂಬ ನೀರು.

“ಏನಿಲ್ರಿ,” ಎಂದ. “ಮಗಳು ಮನಿಗೆ ಬಂದಾಳ.”

ಅಜ್ಜನವರು ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಬಸಲಿಂಗನಿಗೆ ಹೋದ ಭಾನುವಾರದ ಆ ಸುಟ್ಟ ಕಾಲು ಕಣ್ಣಿಗೆ ಕಟ್ಟಿತು. ಹೋಟೆಲಿನಲ್ಲಿ ಮಗಳು ಆ ಕಾಲನ್ನು ಮೇಜಿನ ಕೆಳಗೆ ಮರೆ ಮಾಡಿಕೊಂಡು ಕೂತಿದ್ದಳು. ಇನ್ನೊಂದು ಐಸ್‌ಕ್ರೀಮ್ ಬೇಕೇ ಎಂದು ಅವನು ಕೇಳಿದಾಗ ಬೇಡ ಪಪ್ಪಾ, ಥ್ಯಾಂಕ್ಯೂ ಎಂದಿದ್ದಳು. ತಾಯಿಯ ಮನೆಗೆ ಬಿಟ್ಟುಬರುವಾಗ ಕೈ ಬೀಸಿದ್ದಳು. ಅವನು ಬೈಕ್ ತಿರುಗಿಸಿ ಬೀದಿಯ ತಿರುವು ದಾಟುವ ಮೊದಲೇ ಆ ಮನೆಯೊಳಗಿಂದ ಅವಳ ಅಳು ಕೇಳಿತ್ತು. ಅದನ್ನೇ ಅವನು ಮರುದಿನ ವಕೀಲರಿಗೆ ಹೇಳಿ ಬರೆಸಿದ್ದ.

ನಾಳೆ ಏನು ಮಾಡಲಿ ಎಂದು ಅವನು ಮೆಲ್ಲನೆ ಕೇಳಿದ. ಅಜ್ಜನವರು ಹಾಸಿನ ಅಂಚಿನಿಂದ ಅರ್ಜಿಯನ್ನು ತೆಗೆದು ಇಬ್ಬರ ನಡುವೆ ನೆಲದ ಮೇಲಿಟ್ಟರು.

“ಆ ಕೂಸಿಗೆ ಅಳಾಕ ಇರೂದು ಈಗ ಒಂದ ಮನಿ, ತಮ್ಮಾ, ನೀ ಅದನ್ನೂ ಬಿಡಿಸಾಕ ಬರಸ್ಕೊಂಡ ಬಂದೀಯಲ್ಲ.”

ಬಸಲಿಂಗ ಕೈಮುಗಿದು ಎದ್ದ, ಕಾಗದಕ್ಕೆ ಕೈ ಚಾಚಲಿಲ್ಲ.