ಗುಲಗಂಜಿ ಹುಳುವಿನ ಬಣ್ಣದ ಜಿರಳೆ

ಕಾಡಿನ ಬಳ್ಳಿಯೊಂದರಲ್ಲಿ ಗುಲಗಂಜಿ ಹುಳುವಿತ್ತು. ಅದರ ಮೈ ಕಹಿಯಾದ್ದರಿಂದ ಹಕ್ಕಿಗಳು ಅದನ್ನು ಮುಟ್ಟುತ್ತಿರಲಿಲ್ಲ. ಅದರಂತೆಯೇ ಕೆಂಪು ಮೈ, ಕರಿ ಚುಕ್ಕೆಗಳಿದ್ದ ಜಿರಳೆಯೊಂದೂ ಅಲ್ಲಿತ್ತು. ಕಹಿ ಮಾತ್ರ ಅದಕ್ಕಿರಲಿಲ್ಲ.

ಒಂದು ದಿನ ಗುಲಗಂಜಿ ಹುಳು ಸಿಟ್ಟಿನಿಂದ ಜಿರಳೆಯ ಬಳಿ ಬಂತು. "ನಿನ್ನ ಅಣ್ಣನನ್ನು ತಿಂದು ರುಚಿ ಕಂಡ ಪಿಕಳಾರ ಹಕ್ಕಿ ಈಗ ಅದೇ ಬಣ್ಣ ಕಂಡು ನನ್ನ ತಂಗಿಯನ್ನು ಕುಕ್ಕಿತು. ಕಹಿಯೆಂದು ಉಗುಳುವಷ್ಟರಲ್ಲಿ ಅವಳ ಪ್ರಾಣ ಹೋಗಿತ್ತು."

"ಅದಕ್ಕೆ ನಾನೇನು ಮಾಡಲಿ? ಈ ಬಣ್ಣ ಹುಟ್ಟಿನಿಂದ ಬಂದದ್ದು," ಎಂದಿತು ಜಿರಳೆ.

"ಬಣ್ಣ ಹುಟ್ಟಿನಿಂದ ಬಂತು, ಒಪ್ಪಿದೆ. ಹಕ್ಕಿ ಕಂಡೊಡನೆ ನಮ್ಮ ನಡುವೆ ಬಂದು ಕೂರುತ್ತೀಯಲ್ಲ, ಅದೂ ಹುಟ್ಟಿನಿಂದ ಬಂತೇ?"

ಅಷ್ಟರಲ್ಲಿ ಅದೇ ಪಿಕಳಾರ ಬಳ್ಳಿಗೆ ಬಂದಿಳಿಯಿತು. ಜಿರಳೆ ಓಡಿಬಂದು ಗುಲಗಂಜಿ ಹುಳುವಿಗೆ ಅಂಟಿ ಕೂತಿತು. ಹಕ್ಕಿ ಎರಡನ್ನೂ ನೋಡಿತು. ನಾಲಿಗೆಯ ಕಹಿ ಇನ್ನೂ ಹೋಗಿರಲಿಲ್ಲ. ತಲೆ ಕೊಡವಿ ಹಾರಿಹೋಯಿತು.

ಜಿರಳೆ ಮೀಸೆ ನೇವರಿಸಿಕೊಂಡು, "ನೋಡಿದೆಯಾ? ನಿನ್ನ ತಂಗಿ ಸತ್ತದ್ದು ವ್ಯರ್ಥವಾಗಲಿಲ್ಲ," ಎಂದಿತು.

"ಅವಳು ನಿನಗಾಗಿ ಸಾಯಲಿಲ್ಲ!" ಎಂದು ಕಿರುಚಿ ಗುಲಗಂಜಿ ಹುಳು ಬೇರೆ ಎಲೆಗೆ ಹಾರಿತು.

ಜಿರಳೆಯೂ ಬೆನ್ನಿಗೇ ಹಾರಿ ಪಕ್ಕದಲ್ಲಿ ಕೂತಿತು. "ಸಿಟ್ಟು ಎಷ್ಟು ಬೇಕಾದರೂ ಮಾಡಿಕೋ. ದೂರ ಮಾತ್ರ ಹೋಗಬೇಡ."