ಮ್ಯಾನೇಜರನ ಫೋನ್ ಬುಟ್ಟಿ

ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಫಣೀಂದ್ರ ಅಂತ ಮ್ಯಾನೇಜರ್ ಇದ್ದ. ಒಂದು ಬೆಳಿಗ್ಗೆ ಮಷಿನ್‌ಗಳನ್ನೆಲ್ಲ ನಿಲ್ಲಿಸಿ ಕೂಗಿದ. "ಆಫೀಸಿನ ನೆಟ್‌ವರ್ಕಿಗೆ ಯಾರೋ ಕದ್ದು ನುಗ್ಗಿದ್ದಾರೆ. ನಾನೇ ತನಿಖೆ ಮಾಡ್ತೀನಿ. ಎಲ್ಲರೂ ಫೋನ್ ಲಾಕ್ ತೆಗೆದು ಈ ಬುಟ್ಟಿಗೆ ಹಾಕಿ. ಹಾಕದವಳೇ ಕಳ್ಳಿ, ಅವಳಿಗೆ ನಾಳೆಯಿಂದ ಕೆಲಸ ಇಲ್ಲ!"

ಹೆಂಗಸರು ಮುಖ ಮುಖ ನೋಡಿಕೊಂಡರು. ಗಂಡನ ಮೆಸೇಜು, ಮಗುವಿಗೆ ಹಾಲೂಡಿಸುವ ಫೋಟೊ, ಎಲ್ಲ ಅದರಲ್ಲೇ. ಬುಟ್ಟಿ ಮೊದಲು ಬಂದದ್ದು ಕಾಲರ್ ಹೊಲಿಯುವ ಚಿಕ್ಕತಾಯಿ ಎಂಬುವಳ ಮುಂದೆ.

"ಕೊಡ್ತೀನಿ ಸಾರ್. ನಿಮ್ಮ ಫೋನೂ ಲಾಕ್ ತೆಗೆದು ನನ್ನ ಕೈಗಿಡಿ."

"ನನ್ನದ್ಯಾಕೆ?"

"ಮುರಿದ ಸೂಜಿಯ ಚೂರು ಕೊಟ್ಟರೇನೇ ಹೊಸ ಸೂಜಿ ಅಂತ ರೂಲ್ ಮಾಡಿದ್ದು ನೀವೇ. ಕೊಡದೆ ತಗೊಳ್ಳೋದು ಇಲ್ಲಿ ನಡೆಯಲ್ಲ. ಸೂಜಿಗಿರೋ ಮರ್ಯಾದೆ ನಮ್ಮ ಫೋನಿಗೂ ಇರಲಿ."

ಫಣೀಂದ್ರನ ಕೈ ತಾನಾಗಿ ಜೇಬು ಮುಚ್ಚಿತು. "ಅದರಲ್ಲಿ ನನ್ನ ಸ್ವಂತ ವಿಷಯ ಇದೆ!"

"ನಮ್ಮದರಲ್ಲೇನು ಊರ ವಿಷಯ ಇದೆಯಾ? ಕೇಳದೆ ನುಗ್ಗೋದು ಕಳ್ಳತನ ಅಂತೀರಿ. ಹೆದರಿಸಿ ನುಗ್ಗೋದಕ್ಕೆ ಏನಂತೀರಿ?"

ಯಾರೋ ಕಿಸಕ್ಕೆಂದರು. ಸಾಲಿಗೆ ಸಾಲೇ ಫೋನುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿತು. ಫಣೀಂದ್ರ ಕೆಂಪಗಾದ.

"ನಿನ್ನನ್ನ ಈಗಲೇ ಕೆಲಸದಿಂದ ತೆಗೀತೀನಿ!"

"ತೆಗೀರಿ. ಆದರೆ ಬುಟ್ಟಿ ಖಾಲಿ ಇದೆ ನೋಡಿ. ಹಾಕದವರನ್ನೆಲ್ಲ ತೆಗೀಬೇಕಾಗುತ್ತೆ." ಚಿಕ್ಕತಾಯಿ ಎದ್ದು ತನ್ನ ಸ್ಟೂಲನ್ನು ಸೆರಗಿನಿಂದ ಒರೆಸಿ ಅವನ ಕಡೆ ಸರಿಸಿದಳು. "ಬನ್ನಿ ಸಾರ್, ಕೂತ್ಕೊಳ್ಳಿ. ಮೊದಲು ಕಾಲರ್ ಹೊಲೀರಿ, ಅದೇ ಸ್ವಲ್ಪ ಕಷ್ಟ."