ಪ್ರಪಂಚದಲ್ಲೇ ಒಂದೇ ಒಂದು

ಕುಂದಾಪುರದ ಪ್ರಭಾಕರ ಕಿಣಿಯವರಿಗೆ ಸಿನಿಮಾ ಸಾಮಾನು ಸಂಗ್ರಹಿಸುವ ಹುಚ್ಚು. ಸಿನಿಮಾದಲ್ಲಿ ಕಂಡ ಕಿರೀಟ, ಗದೆಗಳ ತದ್ರೂಪನ್ನು ದೊಡ್ಡ ಕಂಪನಿಗಳು ಕೆಲವೇ ಕೆಲವು ಮಾಡಿ ಮಾರಿದರೆ, ಅದರಲ್ಲೊಂದು ಇವರ ಮನೆಗೆ ಬರಲೇಬೇಕು. ಬಂದದ್ದನ್ನು ಪೆಟ್ಟಿಗೆಯಿಂದ ಯಾರೂ ತೆಗೆಯುವಂತಿಲ್ಲ.

ಈ ಸಲ ಬಂದದ್ದು ರಾಜಕುಮಾರಿಯೊಬ್ಬಳ ಮಿನುಗುವ ಕತ್ತಿ. ಒಮ್ಮೆ ಹಿಡಿದು ನೋಡುತ್ತೇನೆಂದು ಪುಟ್ಟ ಮಗಳು ಮೈಥಿಲಿ ಅಳತೊಡಗಿದಳು.

“ಸೀಲ್ ಒಡೆದರೆ ಬೆಲೆ ಹೋಯಿತು!” ಎಂದು ಗುಡುಗಿದ ಕಿಣಿಯವರು, ಅಡುಗೆಯ ಗುಲಾಬಿಗೆ ಅಪ್ಪಣೆ ಮಾಡಿದರು. “ಪೆಟ್ಟಿಗೆ ತೆರೆಯಬಾರದು, ಅಳುವೂ ನಿಲ್ಲಬೇಕು. ಏನು ಮಾಡುತ್ತೀಯೋ ಮಾಡು.”

ಗುಲಾಬಿ ಮಗುವಿನ ಕಿವಿಯಲ್ಲಿ ಏನೋ ಹೇಳಿದಳು. ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದು, ಟೇಪು ಸುತ್ತಿದ ಬೆಂಕಿಪೊಟ್ಟಣವೊಂದನ್ನು ಕಿಣಿಯವರ ಕೈಗಿಟ್ಟರು.

“ನಿಮ್ಮ ಸಂಗ್ರಹಕ್ಕೆ. ಪ್ರಪಂಚದಲ್ಲೇ ಇದು ಒಂದೇ ಒಂದು,” ಎಂದಳು ಗುಲಾಬಿ.

ಕಿಣಿಯವರು ಅಲ್ಲಾಡಿಸಿದರು. ಒಳಗೇನೋ ಕಟಕಟ ಎಂದಿತು. ಟೇಪಿಗೆ ಉಗುರು ಹಾಕಿದರು.

“ಅಯ್ಯೋ, ಸೀಲ್ ಒಡೆದರೆ ಬೆಲೆ ಹೋಗುತ್ತದಲ್ಲ!” ಎಂದು ಗುಲಾಬಿ ತಡೆದಳು.

ಕಪಾಟಿನಲ್ಲಿಟ್ಟರು. ಕಾಫಿ ರುಚಿಸಲಿಲ್ಲ. ಮತ್ತೆ ತೆಗೆದು ಕಿವಿಗೆ ಹಿಡಿದರು. “ಒಳಗೇನಿದೆ, ಮಾರಾಯ್ತಿ?” ಎಂದು ಅಂಗಲಾಚಿದರು.

“ಮುಚ್ಚಿಟ್ಟೇ ಖುಷಿಪಡುವುದು ನಿಮಗೆ ಅಭ್ಯಾಸವಲ್ಲವೇ?”

ತಡೆಯಲಾರದೆ ಕಿತ್ತೇಬಿಟ್ಟರು. ಒಳಗಿದ್ದದ್ದು ಪುಟ್ಟದೊಂದು ಹಾಲುಹಲ್ಲು.

“ನನ್ನ ಮೊದಲನೇ ಹಲ್ಲು ಪಪ್ಪಾ, ನಿನ್ನೆ ಬಿತ್ತು,” ಎಂದು ಮೈಥಿಲಿ ಬೊಚ್ಚುಬಾಯಿ ತೆರೆದು ತೋರಿಸಿದಳು.

ಕಿಣಿಯವರು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎದ್ದುಹೋಗಿ ಕತ್ತಿಯ ಪೆಟ್ಟಿಗೆ ತಂದು, ತಾವೇ ಸೀಲ್ ಒಡೆದರು.

ಮೈಥಿಲಿ ಕತ್ತಿಯನ್ನು ಮೇಲಕ್ಕೆತ್ತಿ ಹಿಡಿದಳು. “ಕುದುರೆ ಎಲ್ಲಿ?” ಎಂದು ಕೇಳಿದಳು.

ಕಿಣಿಯವರು ಪಂಚೆ ಎತ್ತಿಕಟ್ಟಿ ನೆಲಕ್ಕೆ ಮಂಡಿಯೂರಿದರು.